ಯಜಮಾನಿಕೆ

ಯಜಮಾನನೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಯಜ್ಞವನ್ನು ಮಾಡಿಸುವವನೆಂದು ಅರ್ಥ. ಹವಿಸ್ಸು ಅವನದು, ದಕ್ಷಿಣೆಯ ಹೊರೆ ಅವನದು, ವ್ರತದ ಉಪವಾಸವೂ ಅವನದೇ. ಮಂತ್ರವನ್ನು ಹೇಳುವವರು ಮಾತ್ರ ಬೇರೆ. ಈ ಶಬ್ದವು ಯಜ್ಞಶಾಲೆಯಿಂದ ಹೊರಟು ಯಾವಾಗ ತೋಟದ ಮನೆಯ ಜಗಲಿಯನ್ನೇರಿತೋ ತಿಳಿಯದು. ಆದರೆ ಪುತ್ತೂರು, ಸುಳ್ಯ, ಕಡಬಗಳ ಕಡೆಯಲ್ಲಿ ಅದು ಅಲ್ಲಿಯೇ ನೆಲೆನಿಂತಿತು. ತುಳುವರ ಗುತ್ತಿನ ಮನೆಯಲ್ಲಿಯೂ, ಅರೆಭಾಷೆಯ ಗೌಡರ ಐನ್‌ಮನೆಯಲ್ಲಿಯೂ, ಹವ್ಯಕರ ತೋಟದ ಮನೆಯಲ್ಲಿಯೂ ಆಚಾರಗಳು ಬೇರೆಬೇರೆಯಾದರೂ ಯಜಮಾನನ ಲಕ್ಷಣವು ಬಹಳವಾಗಿ ಒಂದೇ. ಬೀಗದಕೈಗಳ ಗೊಂಚಲು ಆತನ ಬಳಿ. ಅಡಿಕೆ ಮಾರಿದ ಲೆಕ್ಕ ಆತನ ಬಳಿ. ದೈವದ ನೇಮದಲ್ಲಿ ಮೊದಲ ಪ್ರಸಾದ ಆತನ ಕೈಗೆ. ಇದೆಲ್ಲಕ್ಕೂ ಮಿಗಿಲಾಗಿ ಬಾಯಲ್ಲಿ ಯಾರೂ ಹೇಳದ, ಆದರೆ ಎಲ್ಲರೂ ಬಲ್ಲ ಒಂದು ಕಟ್ಟಳೆಯುಂಟು: ಯಜಮಾನನು ತನ್ನ ದಣಿವನ್ನು ಮನೆಮಂದಿಗೆ ತೋರಿಸಬಾರದು.

ಈ ಕಟ್ಟಳೆಯನ್ನು ಹಾಸ್ಯಮಾಡುವುದು ಸುಲಭ. ಅದರ ಬಲದಿಂದ ಅನೇಕ ಮನೆಗಳು ಕಷ್ಟಕಾಲದಲ್ಲಿ ಚದರದೆ ನಿಂತುದೂ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ಕೊಟ್ಟವರು ಯಾರು, ಎಷ್ಟು ಕೊಟ್ಟರು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ವಾಡಿಕೆಯಿಲ್ಲ.

ಮನೆಯ ಮುಂದಿನ ತೋಟವು ಈ ಕಟ್ಟಳೆಗೆ ವಿರುದ್ಧವಾದುದನ್ನೇ ನಡೆಸಿಕೊಂಡು ಬಂದಿದೆ. ಅಡಿಕೆಯ ಮರಕ್ಕೆ ಆಯಾಸವಿಲ್ಲವೆಂದು ಯಾವ ತೋಟಗಾರನೂ ಭಾವಿಸುವುದಿಲ್ಲ. ಸಸಿ ನೆಟ್ಟ ಮೇಲೆ ಐದಾರು ವರ್ಷ ಅದು ಏನನ್ನೂ ಕೊಡದು. ಅದಕ್ಕಾಗಿ ಅದನ್ನು ಬೈಯುವವರಿಲ್ಲ. ಫಲಕ್ಕೆ ಬಂದ ಮೇಲೆಯೂ ಒಂದು ವರ್ಷ ಗೊನೆ ತುಂಬಿದರೆ ಮರುವರ್ಷ ಮರ ಇಳಿಮುಖವಾಗುವುದುಂಟು. ತೋಟಗಾರನು ಬುಡಕ್ಕೆ ಸೊಪ್ಪು ಹಾಕಿಸುತ್ತಾನೆ, ಹಟ್ಟಿಗೊಬ್ಬರ ಕೊಡಿಸುತ್ತಾನೆ, ಮಳೆಗಾಲಕ್ಕೆ ಮುಂಚೆ ಕಣಿಗಳ ಮಣ್ಣನ್ನು ತೆಗೆಸಿ ನೀರಿಗೆ ದಾರಿಮಾಡುತ್ತಾನೆ. ವರ್ಗದ ಜಮೀನಿನ ಸುತ್ತ ನೂರು ಗಜದೊಳಗಿನ ಕುಮ್ಕಿಯಲ್ಲಿ ಸೊಪ್ಪು ಸೌದೆಗಳ ಹಕ್ಕನ್ನು ಬ್ರಿಟಿಷ್ ಸರ್ಕಾರವೂ ಒಪ್ಪಿತ್ತೆಂದ ಮೇಲೆ, ತೋಟವು ತನ್ನಷ್ಟಕ್ಕೆ ತಾನು ಬದುಕಲಾರದು, ಅದಕ್ಕೊಂದು ಕಾಡಿನ ಆಸರೆ ಬೇಕು ಎಂಬ ಮಾತು ಕಂದಾಯದ ಕಡತಕ್ಕೂ ತಿಳಿದಿದ್ದಂತಾಯಿತು. ಮಳೆ ಹಿಡಿಯುವ ಹೊತ್ತಿಗೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಿ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕು, ಇಲ್ಲವಾದರೆ ಕೊಳೆರೋಗ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ಸುಮಾರು 1910ರಲ್ಲಿ ಈ ರೋಗವನ್ನು ಶೋಧಿಸಿ ಆ ಉಪಾಯವನ್ನು ಪ್ರಚುರಪಡಿಸಿದ ಮೇಲೆ ಎಷ್ಟೋ ತೋಟಗಳು ಉಳಿದುಕೊಂಡವು.

ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಹಳೆಯ ಮರ ಸಾಯುವವರೆಗೆ ಕಾದು ಆಮೇಲೆ ಹೊಸದನ್ನು ನೆಡುವವನು ಒಳ್ಳೆಯ ತೋಟಗಾರನಲ್ಲ. ಮರಗಳು ಇನ್ನೂ ಫಲ ಕೊಡುತ್ತಿರುವಾಗಲೇ ಅವುಗಳ ಎಡೆಯಲ್ಲಿ ಸಸಿಗಳನ್ನು ಇಡುತ್ತಾರೆ. ಎಳೆಯ ಸಸಿಗೆ ಸುಡುಬಿಸಿಲು ಆಗದು. ಮುದಿಮರದ ನೆರಳು ಬೇಕು. ಮುದಿಮರವು ಉರುಳುವ ಹೊತ್ತಿಗೆ ಎಡೆಸಸಿ ಗೊನೆ ಹಿಡಿದಿರುತ್ತದೆ. ತೋಟಕ್ಕೆ ನೂರು ವರ್ಷವಾಯಿತೆಂದು ಹೇಳುವಾಗ ಅದರಲ್ಲಿ ನೂರು ವರ್ಷದ ಮರ ಒಂದೂ ಇರುವುದಿಲ್ಲ.

ತೋಟದ ವಿಷಯದಲ್ಲಿ ಇಷ್ಟು ಬಲ್ಲವನು ತನ್ನ ವಿಷಯದಲ್ಲಿ ಇದರ ಒಂದಂಶವನ್ನಾದರೂ ಬಲ್ಲನೆಂದು ಹೇಳುವಂತಿಲ್ಲ. ಪಯಸ್ವಿನಿಯ ದಂಡೆಯಲ್ಲಿ ಅಂಥ ಒಬ್ಬ ಯಜಮಾನನನ್ನು ಕಲ್ಪಿಸಿಕೊಳ್ಳಬಹುದು. ಆ ಸ್ಥಿತಿಯವರು ಒಬ್ಬಿಬ್ಬರಲ್ಲವಾದುದರಿಂದ ಹೆಸರಿನ ಅಗತ್ಯವಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜಗಳ ಕಡೆಯಲ್ಲಿ ಹಳದಿ ಎಲೆ ರೋಗವೆಂಬುದು ದಶಕಗಳಿಂದ ತೋಟಗಳನ್ನು ತಿನ್ನುತ್ತ ಬಂದಿದೆ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡುಬಂದ ರೋಗವಿದು. ಕೊಳೆರೋಗಕ್ಕೆ ಮದ್ದುಂಟು, ಇದಕ್ಕೆ ಈ ತನಕ ಮದ್ದಿಲ್ಲ. ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ, ಅದನ್ನು ಮರದಿಂದ ಮರಕ್ಕೆ ಒಯ್ಯುವ ಒಂದು ಸಣ್ಣ ಜಿಗಿಹುಳು, ಇಷ್ಟೇ ಅದರ ಸಾಮಗ್ರಿ. ಮೊದಲು ಹೊರಸುತ್ತಿನ ಎರಡು ಮೂರು ಸೋಗೆಗಳ ತುದಿ ಹಳದಿಯಾಗುತ್ತದೆ. ಆಮೇಲೆ ಬೇರು ಕೊಳೆಯುತ್ತದೆ, ತಲೆ ಸಣ್ಣದಾಗುತ್ತದೆ, ಸುಲಿದ ಅಡಿಕೆಯ ಒಳಗು ಕಪ್ಪಾಗಿ ಚಾಲಿಗೆ ಯೋಗ್ಯವಲ್ಲದಾಗುತ್ತದೆ. ಮರವು ಕೂಡಲೇ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಕುಂದುತ್ತ ಹೋಗುತ್ತದೆ. ಯಜಮಾನನು ಅದನ್ನು ನೋಡುತ್ತ ಇರಬೇಕಾಗುತ್ತದೆ.

ಮೊದಲ ವರ್ಷ ಆತನು ಅದನ್ನು ಯಾರಿಗೂ ಹೇಳಲಿಲ್ಲ. ನೀರು ಹೆಚ್ಚಾಯಿತೋ, ಗೊಬ್ಬರ ಕಡಮೆಯಾಯಿತೋ ಎಂದು ತನ್ನಲ್ಲಿಯೇ ತಪ್ಪನ್ನು ಹುಡುಕಿದನು. ಎರಡನೆಯ ವರ್ಷ ಸಾಲ ಮಾಡಿ ಹೊಸ ಮಣ್ಣು ಹೊರಿಸಿದನು. ಮೂರನೆಯ ವರ್ಷ ಸಹಕಾರಿ ಸಂಘದ ಮಹಾಸಭೆಗೆ ಹೋಗುವುದನ್ನು ಬಿಟ್ಟನು. ತಂದೆ ನಿರ್ದೇಶಕರಾಗಿದ್ದ ಸಂಘದಲ್ಲಿ ಬಾಕಿದಾರನಾಗಿ ಕುಳಿತುಕೊಳ್ಳುವುದು ಹೇಗೆ? ಮದುವೆ ಮುಂಜಿಗಳಲ್ಲಿ ಊಟವಾದ ಕೂಡಲೇ ಎದ್ದು ಹೊರಡತೊಡಗಿದನು, ಏಕೆಂದರೆ ಎಲೆಯಡಿಕೆಯ ಹೊತ್ತಿಗೆ "ಈ ಸರ್ತಿ ಎಷ್ಟಾಯ್ತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಜ್ಜ ಕಡಿದ ತೋಟ, ತಂದೆ ಬೆಳೆಸಿದ ತೋಟ, ತನ್ನ ಕೈಯಲ್ಲಿ ಹೋಯಿತು ಎಂಬ ಒಂದೇ ಮಾತು ಆತನ ತಲೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ತನ್ನನ್ನು ಹೀಗೆ ದೂರಿಕೊಳ್ಳುವವನು ಮೃದುವಾಗುತ್ತಾನೆಂದು ಎಣಿಸಬಾರದು. ಆತನು ಆಳುಗಳ ಮೇಲೆ ರೇಗಿದನು. ಮಗನಿಗೆ ಬೆಂಗಳೂರಿನಿಂದ ಫೋನು ಮಾಡುವುದೇ ಬೇಡವೆನಿಸುವಂತೆ ಮಾತನಾಡಿದನು. ಮನೆಯಾಕೆ ಕೇಳಿದ ಸಣ್ಣ ಖರ್ಚಿಗೂ ಸಿಡಿದನು. ಒಳಗೆ ತನಗೆ ಕೊಟ್ಟುಕೊಂಡ ಶಿಕ್ಷೆ ಹೊರಗೆ ಸುತ್ತಲಿನವರಿಗೆಲ್ಲ ಹಂಚಿಹೋಯಿತು.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ತನ್ನ ಮೇಲೆ ತಾನು ದಯೆ ತೋರುವುದೆಂದರೆ ಸೋಮಾರಿತನಕ್ಕೆ ಒಳ್ಳೆಯ ಹೆಸರನ್ನಿಟ್ಟಂತಾಗದೆ? ತಪ್ಪಿಗೆ ನೆಪ ಹುಡುಕಿದಂತಾಗದೆ? ಹಿಂದಿನವರು ಈ ಪ್ರಶ್ನೆಯನ್ನು ಬಿಟ್ಟಿಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಮನುಷ್ಯನು ತನ್ನನ್ನು ತಾನೇ ಮೇಲೆತ್ತಬೇಕು, ಕುಗ್ಗಿಸಿಕೊಳ್ಳಬಾರದು, ತನಗೆ ತಾನೇ ಬಂಧು ಎಂಬ ವಿಚಾರವಿದೆ. ಬೌದ್ಧರ ಬುದ್ಧಘೋಷಾಚಾರ್ಯನು ಮೈತ್ರೀಭಾವನೆಯನ್ನು ಅಭ್ಯಾಸಮಾಡುವವನು ಮೊದಲು ತನ್ನಿಂದಲೇ ತೊಡಗಬೇಕೆಂದು ವಿಶುದ್ಧಿಮಾರ್ಗದಲ್ಲಿ ವಿಧಿಸಿದನು. ಈಚೆಗೆ 2003ರಲ್ಲಿ ಅಮೆರಿಕೆಯ ಕ್ರಿಸ್ಟಿನ್ ನೆಫ್ ಎಂಬ ಮನಶ್ಶಾಸ್ತ್ರಜ್ಞೆ ಆತ್ಮಕರುಣೆಯೆಂಬುದನ್ನು ಬಿಡಿಸಿ ಹೇಳುವಾಗ, ತನ್ನನ್ನು ನಿಷ್ಠುರವಾಗಿ ತೂಗದೆ ಸೌಮ್ಯವಾಗಿ ಕಾಣುವುದು, ತನ್ನ ಕಷ್ಟವು ಮನುಷ್ಯರೆಲ್ಲರ ಕಷ್ಟದ ಒಂದು ಪಾಲೆಂದು ತಿಳಿಯುವುದು, ನೋವನ್ನು ಮುಚ್ಚದೆಯೂ ಬೆಳೆಸದೆಯೂ ಇದ್ದಂತೆ ನೋಡುವುದು ಎಂದು ಮೂರು ಅಂಗಗಳನ್ನು ಗುರುತಿಸಿದಳು. ಮೂರರಲ್ಲಿ ನಡುವಿನದೇ ತೋಟದ ಮನೆಗೆ ಅತ್ಯಂತ ಬೇಕಾದುದು. ಹಳದಿರೋಗ ತನ್ನ ತೋಟಕ್ಕೆ ಮಾತ್ರ ಬಂದಿತೆಂದು ತಿಳಿದವನು ಅಪರಾಧಿಯಾಗುತ್ತಾನೆ. ಹೊಳೆಯ ಎರಡು ದಂಡೆಗೂ ಬಂದಿತೆಂದು ತಿಳಿದವನು ನೆರೆಯವನಾಗುತ್ತಾನೆ. ಆ ಮೇಲೆ ಮಾಡಬೇಕಾದ ಕೆಲಸ ಕಡಮೆಯಾಗುವುದಿಲ್ಲ. ಮಾಡಲು ಕೈಗಳು ಹೆಚ್ಚಾಗುತ್ತವೆ.

ಈ ಸೀಮೆಯವರು ನಾಯಕರೆಂದೊಡನೆ 1837ನ್ನು ನೆನೆಯುತ್ತಾರೆ, ನೆನೆಯತಕ್ಕದ್ದೇ. ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕೊಡಬೇಕೆಂಬ ಕಂಪನಿಯ ಕಟ್ಟಳೆಯಿಂದ ಬೆಂದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ಎದ್ದು, ಬೆಳ್ಳಾರೆಯ ಖಜಾನೆಯನ್ನು ಹಿಡಿದು ಮಂಗಳೂರಿನವರೆಗೆ ನಡೆದುಹೋದರು. ಅದು ಶೌರ್ಯದ ಮುಂದಾಳುತನ. ಅದರ ಆಯುಷ್ಯ ಕೆಲವು ದಿನ, ಕೀರ್ತಿ ಎರಡು ಶತಮಾನ. ಕೀರ್ತಿ ಕಡಮೆಯಾದರೂ ಆಯುಷ್ಯ ಹೆಚ್ಚಾದ ಇನ್ನೊಂದು ಬಗೆಯ ಮುಂದಾಳುತನವೂ ಇದೇ ಮಣ್ಣಿನಲ್ಲಿ ಕಂಡುಬಂದಿತು.

ಮೊಳಹಳ್ಳಿ ಶಿವರಾಯರು 1880ರಲ್ಲಿ ಜನಿಸಿದವರು, ಪುತ್ತೂರಿನಲ್ಲಿ ವಕೀಲರಾಗಿದ್ದವರು. ವಕೀಲನ ಕೋಣೆಗೆ ಬರುವ ರೈತನು ಸಾಮಾನ್ಯವಾಗಿ ಸಾಲದ ಕಾಗದವನ್ನು ಹಿಡಿದುಕೊಂಡೇ ಬರುವನು. ಅಂಥವನ ಪರವಾಗಿ ವಾದಿಸಿ ಗೆದ್ದರೂ ಬರುವ ವರ್ಷ ಆತನು ಮತ್ತೊಂದು ಕಾಗದದೊಡನೆ ಬರುವನಷ್ಟೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಅದರ ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಮೊದಲ ಸಂಘವೆದ್ದಿತು. ಪುತ್ತೂರಿನ ಸಂಘವು ಶಿವರಾಯರ ಪ್ರಯತ್ನದಿಂದ 1909ರಲ್ಲಿ ಕಣ್ದೆರೆಯಿತು. 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಆರಂಭವಾದುದರಲ್ಲಿಯೂ ಮುಖ್ಯ ಪಾತ್ರ ಅವರದೇ. 1967ರಲ್ಲಿ ಅವರು ತೀರಿಕೊಂಡರು. ಜಿಲ್ಲೆಯ ಜನ ಈಗಲೂ ಅವರನ್ನು ಸಹಕಾರಿ ಪಿತಾಮಹರೆಂದೇ ಕರೆಯುತ್ತಾರೆ.

ಆ ಕಾನೂನಿನಲ್ಲಿದ್ದ ಒಂದು ಅಂಶವನ್ನು ಈಗಿನವರು ಮರೆತಿದ್ದಾರೆ. ಹಳ್ಳಿಯ ಸಂಘಗಳಿಗೆ ಆಗ ಅಪರಿಮಿತ ಹೊಣೆಯಿತ್ತು. ಎಂದರೆ ಒಬ್ಬ ಸದಸ್ಯನು ಸಾಲ ತೀರಿಸದೆ ಹೋಗಿ ಸಂಘಕ್ಕೆ ನಷ್ಟವಾದರೆ ಉಳಿದವರೆಲ್ಲರ ಆಸ್ತಿಯೂ ಆ ನಷ್ಟಕ್ಕೆ ಈಡು. ಜರ್ಮನಿಯಲ್ಲಿ ರೈಫೈಸನ್ ಎಂಬಾತನು ಬಡ ರೈತರಿಗಾಗಿ ಹೂಡಿದ ಉಪಾಯವದು. ಮೇಲುನೋಟಕ್ಕೆ ಇದು ಹುಚ್ಚುತನ; ಇನ್ನೊಬ್ಬನ ಸಾಲಕ್ಕೆ ಯಾರು ತಲೆಕೊಟ್ಟಾರು? ಆದರೆ ಇದರ ಒಳಗುಟ್ಟು ಬೇರೆ. ಇಂಥ ಸಂಘದಲ್ಲಿ ಒಬ್ಬನ ತೋಟಕ್ಕೆ ರೋಗ ಬಂದುದನ್ನು ಆತನು ಬಚ್ಚಿಡುವಂತಿಲ್ಲ, ನೆರೆಯವನು ಕಾಣದಂತಿರುವಂತಿಲ್ಲ. ಕಷ್ಟವನ್ನು ಮೊದಲಲ್ಲಿಯೇ ಹೇಳುವುದು ನಾಚಿಕೆಯ ಮಾತಾಗದೆ ಕರ್ತವ್ಯವಾಗುತ್ತದೆ. ಸಂಘಗಳು ದೊಡ್ಡವಾಗಿ ಹೊಣೆ ಮಿತವಾದುದು ಒಳ್ಳೆಯದೇ ಆಯಿತು. ಆದರೆ ಆ ಹಳೆಯ ಮಾತುಕತೆಯೂ ಅದರೊಡನೆ ಹೋಗಿ ಸಂಘದ ಕಟ್ಟಡವು ಕೇವಲ ಕಿಟಕಿಯಾಯಿತು. ರೈತನು ಹೊರಗೆ, ಗುಮಾಸ್ತನು ಒಳಗೆ. ಇದು ಲಾಭವೆಂದು ಹೇಳಲಾಗದು.

ಶಿವರಾಯರ ಒತ್ತಾಸೆಯನ್ನು ಪಡೆದವರಲ್ಲಿ ಶಿವರಾಮ ಕಾರಂತರೂ ಒಬ್ಬರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಅವರು ನಾಲ್ಕು ದಶಕಗಳಷ್ಟು ಕಾಲ ಪುತ್ತೂರಿನಲ್ಲಿದ್ದು, ಅಲ್ಲಿಯ ಗುಡ್ಡದಲ್ಲಿ ಬಾಲವನವನ್ನು ಕಟ್ಟಿದರು. ಅವರನ್ನು ಮೆತ್ತನೆಯ ಮನುಷ್ಯರೆಂದು ಯಾರೂ ಹೇಳಲಾರರು. ಆದರೆ ಸೋಲಿನ ವಿಷಯದಲ್ಲಿ ಅವರ ನಡತೆ ಗಮನಿಸತಕ್ಕದ್ದು. 1930ರ ಸುಮಾರಿಗೆ ಎರಡು ಮೂಕಿಚಿತ್ರಗಳನ್ನು ತೆಗೆದರು. ಅದರಿಂದ ಸಂಪತ್ತೇನೂ ಬರಲಿಲ್ಲ. ಮುದ್ರಣ, ಶಿಕ್ಷಣ, ನಾಟಕ ಎಂದು ಕೈಹಾಕಿದ ಎಷ್ಟೋ ಸಾಹಸಗಳು ಹಣವನ್ನು ನುಂಗಿದವು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಸೋತ ಮೇಲೆ ಮತ್ತೆ ಬರೆಯಲು ಕುಳಿತರು. 1948ರಲ್ಲಿ ಆತ್ಮಕಥೆಯನ್ನು ಪ್ರಕಟಿಸುವಾಗ ಅದಕ್ಕೆ ಅವರು ಕೊಟ್ಟ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ತನ್ನ ಮನಸ್ಸನ್ನು ಹುಚ್ಚೆಂದು ತಾನೇ ಕರೆದು, ಅದನ್ನು ಮುಚ್ಚಿಡದೆ ಪುಸ್ತಕದ ಹಣೆಯ ಮೇಲೆ ಬರೆಯಬಲ್ಲವನಿಗೆ ಲೋಕದ ನಗೆಯ ಭಯ ಉಳಿಯುವುದಿಲ್ಲ. ತನ್ನನ್ನು ಕ್ಷಮಿಸಿಕೊಳ್ಳುವುದರಲ್ಲಿ ಇದೂ ಒಂದು ಬಗೆ, ಕಣ್ಣೀರಿನದಲ್ಲ, ಚೇಷ್ಟೆಯದು.

ಅವರು 1943ರಲ್ಲಿ ಬರೆದ ‘ಬೆಟ್ಟದ ಜೀವ’ದ ಗೋಪಾಲಯ್ಯನು ಈ ಸೀಮೆಯ ಯಜಮಾನರ ಪೈಕಿ ಅತ್ಯಂತ ಪ್ರಸಿದ್ಧನು, ಕಾದಂಬರಿಯವನಾದರೂ. ಕುಮಾರಪರ್ವತದ ತಪ್ಪಲಿನ ಆ ಸುಬ್ರಹ್ಮಣ್ಯದ ಸೀಮೆಯು ಈಗ ಕಡಬ ತಾಲೂಕಿಗೆ ಸೇರಿದೆ. ಕಾಡಿನೊಡನೆ ಹೋರಾಡಿ ತೋಟ ಮಾಡಿದ ಮುದುಕ; ಒಬ್ಬನೇ ಮಗ ಮನೆಬಿಟ್ಟು ಹೋಗಿದ್ದಾನೆ. ಆದರೂ ಬಾಗಿಲು ಮುಚ್ಚಿಕೊಂಡು ಕೂರದೆ, ದಾರಿತಪ್ಪಿ ಬಂದ ಅಪರಿಚಿತನನ್ನು ಮಗನಂತೆ ಉಪಚರಿಸುತ್ತಾನೆ. ನಾರಾಯಣನ ಸಂಸಾರವನ್ನು ತನ್ನ ಬಳಿಯಲ್ಲಿ ಊರಿಸುತ್ತಾನೆ. ಎಡೆಸಸಿಯನ್ನಿಡುವ ತೋಟಗಾರನ ಬುದ್ಧಿ ಮನುಷ್ಯರ ವಿಷಯದಲ್ಲಿಯೂ ನಡೆಯಬಲ್ಲುದೆಂಬುದಕ್ಕೆ ಅವನೊಂದು ದೃಷ್ಟಾಂತ. ಆದರೆ ಶಂಕರಮ್ಮನು ಅಳುವಷ್ಟು ಅವನು ಅಳಲಾರ; ಮಾತಿನ ಸಡಗರದಲ್ಲಿ ದುಃಖವನ್ನು ಹೂಳುತ್ತಾನೆ. ಹಳೆಯ ಕಟ್ಟಳೆ ಅವನನ್ನೂ ಬಿಟ್ಟಿರಲಿಲ್ಲ.

ಹಿಂದಿನ ಯಜಮಾನಿಕೆಯನ್ನು ಅತಿಯಾಗಿ ಹೊಗಳುವುದು ಸರಿಯಲ್ಲ. ಜಗಲಿಯ ಮೇಲೆ ಕುಳಿತವನಿಗೂ ಅಂಗಳದಲ್ಲಿ ನಿಂತವನಿಗೂ ನಡುವೆ ಇದ್ದ ಸಂಬಂಧವನ್ನು ಬಾಂಧವ್ಯವೆಂದು ಕರೆದವನು ಸಾಮಾನ್ಯವಾಗಿ ಜಗಲಿಯ ಮೇಲಿನವನೇ. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದಾಗ ಎಷ್ಟೋ ಯಜಮಾನರು ಅದನ್ನು ಕೃತಘ್ನತೆಯೆಂದು ಬಗೆದರು. ಮರವೇರಿ ಮದ್ದು ಸಿಂಪಡಿಸುವವನ ಸೊಂಟವು ನಲವತ್ತಕ್ಕೆ ನೋಯತೊಡಗಿದರೆ ಅದು ಯಾರ ಲೆಕ್ಕದಲ್ಲಿಯೂ ಬರುತ್ತಿರಲಿಲ್ಲ. ಮನೆಯೊಳಗಿನ ಯಜಮಾನ್ತಿಯ ಮಾತೂ ಅಷ್ಟೇ. ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯುತ್ತಿದ್ದರೂ ಆಡಳಿತ ಬಹುಮಟ್ಟಿಗೆ ಸೋದರಮಾವನದಾಗಿತ್ತು. ತನ್ನ ದಣಿವನ್ನು ಒಪ್ಪದವನಿಗೆ ಇನ್ನೊಬ್ಬರ ದಣಿವು ಹೇಗೆ ಕಂಡೀತು?

ಸಮಾನರಾಗಿ ಕೂಡಿದುದರ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. 1970ರ ಆಸುಪಾಸಿನಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರು ಮುಂದಾಗಿ ಕರ್ನಾಟಕ ಕೇರಳಗಳೆರಡರ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಕೆಲವು ವರ್ಷಗಳ ಮೇಲೆ ಇನ್ನೊಂದು ಪೆಟ್ಟು ಬಿದ್ದಿತು. ಅಡಿಕೆಯ ಎಡೆಯಲ್ಲಿ ಕೊಕ್ಕೋ ಬೆಳೆಯಿರೆಂಬ ಪ್ರೋತ್ಸಾಹವನ್ನು ನಂಬಿ ನೆಟ್ಟವರು, ಬೆಲೆ ಬಿದ್ದು ಕೊಳ್ಳುವವರು ಹಿಂಜರಿದಾಗ, ಗಿಡಗಳನ್ನು ಕಡಿದುಹಾಕುವ ಸ್ಥಿತಿಗೆ ಬಂದರು. ಆಗ ಕ್ಯಾಂಪ್ಕೋ ತಾನೇ ಕೊಕ್ಕೋವನ್ನು ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಅಡಿಕೆಯವರಿಗೆ ಚಾಕೊಲೇಟು ಮಾಡುವ ವಿದ್ಯೆ ಎಲ್ಲಿಂದ ಬಂದೀತೆಂದು ನಕ್ಕವರಿದ್ದಿರಬಹುದು. ಕೊಕ್ಕೋ ನೆಟ್ಟುದು ನಿಮ್ಮ ತಪ್ಪೆಂದು ಬೆಳೆಗಾರನಿಗೆ ಹೇಳಿ ಕಳಿಸುವುದು ಅದಕ್ಕಿಂತ ಸುಲಭವಾಗಿತ್ತು.

ಪಯಸ್ವಿನಿಯ ದಂಡೆಯ ಯಜಮಾನನ ವಿಷಯ ಅಷ್ಟಕ್ಕೇ ಉಳಿಯಿತು. ಆತನಿಗೆ ಕಾರ್ಖಾನೆ ಬೇಕಾಗಿರಲಿಲ್ಲ. ಒಂದು ವಾಕ್ಯವನ್ನು ಆಡುವ ಧೈರ್ಯ ಬೇಕಾಗಿತ್ತು. ಅದನ್ನು ಮೊದಲು ಆಡಿದವಳು ಆತನ ಮನೆಯಾಕೆ. "ರೋಗವನ್ನು ನೀವು ಕರಕೊಂಡು ಬಂದದ್ದಾ? ಆಚೆ ಕರೆಯವರ ತೋಟ ನೋಡಿದ್ದೀರಾ? ಅವರಿಗೆ ಬೈಯುತ್ತೀರಾ?" ಎಂದು ಕೇಳಿದಳು. ಆಚೆ ಕರೆಯವರಿಗೆ ತಾನೆಂದೂ ಬೈಯಲಾರೆನೆಂಬುದು ಆತನಿಗೆ ತಿಳಿದಿತ್ತು; ಅವರ ತೋಟದಲ್ಲಿ ಸೋಗೆ ಹಳದಿಯಾದಾಗ ಆತನು ಮರುಗಿದ್ದನಲ್ಲದೆ ದೂರಿರಲಿಲ್ಲ. ನೆರೆಯವನಿಗೆ ಸಲ್ಲುವ ನ್ಯಾಯ ತನಗೇಕೆ ಸಲ್ಲದೆಂಬುದಕ್ಕೆ ಆತನ ಬಳಿಯಲ್ಲಿ ಉತ್ತರವಿರಲಿಲ್ಲ.

ಮುಂದೆ ನಡೆದುದರಲ್ಲಿ ವಿಶೇಷವೇನೂ ಇಲ್ಲ. ಆತನು ಹೊಳೆ ದಾಟಿ ಆಚೆ ಕರೆಗೆ ಹೋದನು. ಇಬ್ಬರೂ ಬಾಕಿಯ ಮೊತ್ತಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಮಗನಿಗೆ ಫೋನುಮಾಡಿ, ತೋಟ ಹೋಗುತ್ತಿದೆ, ಏನು ಮಾಡುವುದೆಂದು ತನಗೂ ಸರಿಯಾಗಿ ತಿಳಿಯದೆಂದು ಮೊದಲ ಸಲ ಹೇಳಿದನು. ಮಗನು ಬಹಳ ಹೊತ್ತು ಮಾತನಾಡಿದನು. ಮಹಾಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತನು. ಅಲ್ಲಿ ಜಾಯಿಕಾಯಿ ಹಾಕಿದವರಿದ್ದರು, ಕಾಫಿ ಹಾಕಿದವರಿದ್ದರು, ತಾಳೆಯೆಣ್ಣೆಯ ಗಿಡವನ್ನಿಟ್ಟು ಕೈಸುಟ್ಟುಕೊಂಡವರೂ ಇದ್ದರು. ಈಚೆಗೆ ತೋಟಗಳಿಗೆ ತಗಲಿದ ಎಲೆಚುಕ್ಕಿ ರೋಗದ ಮಾತು ಬಂದಾಗ ಯಾರಿಗೂ ಸಂತೋಷದ ಸುದ್ದಿ ಹೇಳಲಿಕ್ಕಿರಲಿಲ್ಲ.

ಮುಯ್ಯಾಳಿನ ವಾಡಿಕೆ ಆ ಕಡೆಯಲ್ಲಿ ನಿಂತುಹೋಗಿತ್ತು. ಮಳೆಗೆ ಮುಂಚೆ ನಾಲ್ಕು ಮನೆಯವರು ಸೇರಿ ಅದನ್ನು ಮತ್ತೆ ತೊಡಗಿದರು. ಒಂದು ದಿನ ಒಬ್ಬರ ತೋಟ, ಮರುದಿನ ಇನ್ನೊಬ್ಬರದು. ಮರ ಏರುತ್ತಿದ್ದವನ ಮನೆಯೂ ಆ ನಾಲ್ಕರಲ್ಲಿ ಒಂದು. ಆತನ ಅರ್ಧ ಎಕರೆಯ ಸರದಿ ಬಂದಾಗ ಯಜಮಾನನು ಕಣಿಯ ಮಣ್ಣನ್ನು ತೆಗೆಯಲು ಹಾರೆ ಹಿಡಿದುಕೊಂಡು ಹೋದನು. ಅಭ್ಯಾಸ ತಪ್ಪಿದ ಕೆಲಸ. ಹತ್ತು ಗಂಟೆಗೆ ಬೆನ್ನು ಹಿಡಿದುಕೊಂಡಿತು. "ಸ್ವಲ್ಪ ಕೂತುಕೊಳ್ಳಿ ಅಣ್ಣೇರೆ" ಎಂದು ಆ ಮನೆಯವನು ಹೇಳಲು, ಆತನು ಬೇಡವೆನ್ನದೆ ಕಟ್ಟೆಯ ಮೇಲೆ ಕುಳಿತು ನೀರು ಬೆಲ್ಲ ತೆಗೆದುಕೊಂಡನು.